ತಗ್ಗಿಸಿದ ಹಳೆಯ ಪಿಕಪ್‌ಗೆ ಮುಂಭಾಗದ ಶಾಕ್ ಅಬ್ಸಾರ್ಬರ್: ಹೆಸರಿಗಿಂತ ಅಳತೆ ಮುಖ್ಯ

ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಗ್ರಾಹಕನು ವಾಹನದ ಹೆಸರನ್ನೂ ತಯಾರಿಕೆಯ ವರ್ಷವನ್ನೂ ಹೇಳುವುದು, ವ್ಯಾಪಾರಿಯು ಪಟ್ಟಿಯನ್ನು ನೋಡಿ ಭಾಗವನ್ನು ಕೊಡುವುದು ರೂಢಿ. ವಾಹನವು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿಯೇ ಇರುವವರೆಗೆ ಈ ಪದ್ಧತಿಯಲ್ಲಿ ದೋಷವಿಲ್ಲ. ಆದರೆ ವಾಹನದ ಎತ್ತರವನ್ನೇ ಬದಲಾಯಿಸಿದಾಗ ಪಟ್ಟಿಯಲ್ಲಿರುವ ಹೆಸರು ಸರಿಯಾಗಿದ್ದರೂ ಭಾಗವು ತಪ್ಪಾಗಬಹುದು. ಅಮೆರಿಕದ ಹಳೆಯ ಪಿಕಪ್‌ಗಳು ಇದಕ್ಕೆ ಉತ್ತಮ ನಿದರ್ಶನ.

1967ರಿಂದ 1972ರವರೆಗಿನ ಮಾದರಿಗಳಾಗಿ ಬಂದ ಷೆವರ್ಲೆ ಸಿ-10 ಪಿಕಪ್ ಅಮೆರಿಕದ ಹವ್ಯಾಸಿಗಳಿಗೆ ಇಂದಿಗೂ ಅಚ್ಚುಮೆಚ್ಚಿನ ವಾಹನ. ಇದರಲ್ಲಿ ‘ಸಿ’ ಎಂದರೆ ಎರಡು ಚಕ್ರಗಳ ಚಾಲನೆ. ‘10’ ಎಂದರೆ ಅರ್ಧ ಟನ್ ವರ್ಗ. ಮುಂಭಾಗದ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಕಂಟ್ರೋಲ್ ಆರ್ಮ್ ಮತ್ತು ಒಂದು ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಸರಕು ಸಾಗಣೆಗೆಂದು ಎತ್ತರವಾಗಿ ನಿರ್ಮಿಸಿದ ಈ ವಾಹನವನ್ನು ಅಂದಕ್ಕಾಗಿಯೂ ತಿರುವುಗಳಲ್ಲಿನ ಸ್ಥಿರತೆಗಾಗಿಯೂ ಕೆಲವು ಇಂಚು ತಗ್ಗಿಸುವುದು ಅಲ್ಲಿ ಬಹುಕಾಲದ ವಾಡಿಕೆ.

ತಗ್ಗಿಸುವ ಎರಡು ಮಾರ್ಗಗಳು

ಮೊದಲನೆಯದು, ಮೂಲ ಸ್ಪ್ರಿಂಗ್‌ನ ಬದಲಿಗೆ ಗಿಡ್ಡ ಸ್ಪ್ರಿಂಗ್ ಅಳವಡಿಸುವುದು. ಆಗ ಕೆಳಗಿನ ಆರ್ಮ್ ಷಾಸಿಯ ಕಡೆಗೆ ಮೇಲೇರುತ್ತದೆ. ಆರ್ಮ್‌ಗೂ ಷಾಸಿಗೂ ನಡುವೆ ಇರುವ ಶಾಕ್ ಅಬ್ಸಾರ್ಬರ್ ವಾಹನವು ನಿಂತಿರುವಾಗಲೇ ಒಳಗೆ ಸರಿದಿರುತ್ತದೆ.

ಎರಡನೆಯದು, ಡ್ರಾಪ್ ಸ್ಪಿಂಡಲ್ ಅಳವಡಿಸುವುದು. ಇದರಲ್ಲಿ ಚಕ್ರವನ್ನು ಹೊರುವ ಕಡ್ಡಿಯು ಮೂಲ ಭಾಗದಲ್ಲಿದ್ದುದಕ್ಕಿಂತ ಮೇಲಿನ ಸ್ಥಾನದಲ್ಲಿರುತ್ತದೆ. ವಾಹನ ತಗ್ಗುತ್ತದೆ, ಆದರೆ ಆರ್ಮ್‌ಗಳ ಕೋನ ಬದಲಾಗುವುದಿಲ್ಲ. ಆದ್ದರಿಂದ ಶಾಕ್ ಅಬ್ಸಾರ್ಬರ್‌ನ ಉದ್ದವೂ ಮೊದಲಿನಂತೆಯೇ ಉಳಿಯುತ್ತದೆ. ಎರಡೂ ವಾಹನಗಳು ಹೊರನೋಟಕ್ಕೆ ಒಂದೇ ಎತ್ತರದಲ್ಲಿ ನಿಂತಿದ್ದರೂ ಒಂದಕ್ಕೆ ಮೂಲ ಉದ್ದದ ಭಾಗ ಸಾಕು. ಇನ್ನೊಂದಕ್ಕೆ ಗಿಡ್ಡ ಭಾಗ ಬೇಕು. ‘ಎಷ್ಟು ಇಂಚು ತಗ್ಗಿಸಲಾಗಿದೆ’ ಎಂಬ ಪ್ರಶ್ನೆಗೆ ಮುನ್ನ ‘ಹೇಗೆ ತಗ್ಗಿಸಲಾಗಿದೆ’ ಎಂದು ಕೇಳಬೇಕಾದುದು ಈ ಕಾರಣಕ್ಕೆ.

ಒಂದು ಲೆಕ್ಕ

ಉದಾಹರಣೆಗೆ, ಒಂದು ಶಾಕ್ ಅಬ್ಸಾರ್ಬರ್ ಪೂರ್ಣ ಮುಚ್ಚಿದಾಗ 9 ಇಂಚು, ಪೂರ್ಣ ತೆರೆದಾಗ 14 ಇಂಚು ಎಂದಿಟ್ಟುಕೊಳ್ಳೋಣ. ವಾಹನ ನಿಂತಾಗ ಅದರ ಉದ್ದ 11.5 ಇಂಚು. ಆರ್ಮ್‌ನ ಚಲನೆಯನ್ನು ತಡೆಯುವ ರಬ್ಬರ್ ಬಂಪ್ ಸ್ಟಾಪ್, ಉದ್ದವು 9.5 ಇಂಚಿಗೆ ಇಳಿದಾಗ ತಾಗುತ್ತದೆ. ಚಕ್ರವು 1 ಇಂಚು ಮೇಲೇರಿದಾಗ ಶಾಕ್ ಅಬ್ಸಾರ್ಬರ್ 0.6 ಇಂಚು ಸರಿಯುತ್ತದೆ.

ಸ್ಪ್ರಿಂಗ್ ಬದಲಿಸಿ ವಾಹನವನ್ನು 3 ಇಂಚು ತಗ್ಗಿಸಿದರೆ ಶಾಕ್ ಅಬ್ಸಾರ್ಬರ್ 1.8 ಇಂಚು ಒಳಸರಿದು 9.7 ಇಂಚಿಗೆ ಬರುತ್ತದೆ. ಬಂಪ್ ಸ್ಟಾಪ್‌ಗೆ ಉಳಿದ ಅಂತರ ಕೇವಲ 0.2 ಇಂಚು. ಚಕ್ರದ ಲೆಕ್ಕದಲ್ಲಿ ಇದು ಇಂಚಿನ ಮೂರನೆಯ ಒಂದು ಭಾಗ ಮಾತ್ರ. ಸಣ್ಣ ಗುಂಡಿಗೂ ವಾಹನವು ರಬ್ಬರಿಗೆ ಬಡಿಯುತ್ತದೆ. ಬಡಿತವನ್ನು ತಪ್ಪಿಸಲು ರಬ್ಬರನ್ನು ಕತ್ತರಿಸಿ, ಶಾಕ್ ಅಬ್ಸಾರ್ಬರನ್ನು ಹಾಗೆಯೇ ಬಿಟ್ಟರೆ ಇನ್ನೂ ದೊಡ್ಡ ಹಾನಿ ಕಾದಿರುತ್ತದೆ. 9 ಇಂಚು ತಲುಪಿದೊಡನೆ ಶಾಕ್ ಅಬ್ಸಾರ್ಬರ್ ತಾನೇ ತಡೆಗೋಡೆಯಾಗುತ್ತದೆ. ಅದು ಹೊಡೆತ ತಾಳಲು ನಿರ್ಮಿತವಾದ ಭಾಗವಲ್ಲ. ಒಳಗಿನ ವಾಲ್ವ್ ಹಾಳಾಗುವುದು, ಕಡ್ಡಿ ಬಾಗುವುದು, ಷಾಸಿಗೆ ಬೆಸೆದ ಹಿಡಿಕೆಯೇ ಬಿರುಕು ಬಿಡುವುದು ಇದರ ಪರಿಣಾಮ. ಗಿಡ್ಡ ಬಂಪ್ ಸ್ಟಾಪ್ ಮತ್ತು ಗಿಡ್ಡ ಶಾಕ್ ಅಬ್ಸಾರ್ಬರ್ ಜೊತೆಯಾಗಿಯೇ ಬರಬೇಕು.

ಅಳೆಯಬೇಕಾದ ಮೂರು ಉದ್ದಗಳು

ಮೇಲಿನ ಮತ್ತು ಕೆಳಗಿನ ಹಿಡಿಕೆಗಳ ನಡುವಿನ ಅಂತರವನ್ನು ಮೂರು ಸ್ಥಿತಿಗಳಲ್ಲಿ ಅಳೆಯಬೇಕು.

1. ವಾಹನವು ತನ್ನ ಭಾರದ ಮೇಲೆ ನಿಂತಾಗ.
2. ಆರ್ಮ್ ಪೂರ್ಣ ಮೇಲೇರಿ ಬಂಪ್ ಸ್ಟಾಪನ್ನು ಒತ್ತಿದಾಗ.
3. ಚಕ್ರವು ಪೂರ್ಣ ಇಳಿಬಿದ್ದಾಗ.

ಆಯ್ಕೆಯಾಗುವ ಭಾಗದ ಮುಚ್ಚಿದ ಉದ್ದವು ಎರಡನೆಯ ಅಳತೆಗಿಂತ ಸುಮಾರು ಅರ್ಧ ಇಂಚಾದರೂ ಕಡಿಮೆ ಇರಬೇಕು. ತೆರೆದ ಉದ್ದವು ಮೂರನೆಯ ಅಳತೆಗಿಂತ ಹೆಚ್ಚಿರಬೇಕು. ನಿಂತ ಸ್ಥಿತಿಯಲ್ಲಿ ಪಿಸ್ಟನ್ ತನ್ನ ಚಲನೆಯ ಮಧ್ಯಭಾಗದ ಆಸುಪಾಸಿನಲ್ಲಿರುವುದು ಉತ್ತಮ. ಹಿಡಿಕೆಯು ಬೋಲ್ಟ್ ತೂರುವ ಕಣ್ಣಿನದೋ ನಟ್ ಬಿಗಿಯುವ ಕಡ್ಡಿಯದೋ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಎರಡನೆಯ ಅಳತೆಗೆ ಸ್ಪ್ರಿಂಗ್ ಬಿಚ್ಚಬೇಕಾಗುತ್ತದೆ. ಒತ್ತಿದ ಸ್ಪ್ರಿಂಗ್ ಪ್ರಾಣಾಪಾಯ ತರಬಲ್ಲದು. ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು. ಸ್ಪಿಂಡಲ್ ಬದಲಿಸಿದ ವಾಹನದಲ್ಲಿ ಇದೇ ಸಂದರ್ಭದಲ್ಲಿ ಟೈರು ಮಡ್‌ಗಾರ್ಡ್‌ಗೆ ತಾಗುವುದೇ ಎಂದೂ ನೋಡಿಕೊಳ್ಳಬೇಕು.

ಬಿಗಿ ಮತ್ತು ಬಗೆ

ಉದ್ದ ಹೊಂದಿದರೆ ಸಾಲದು, ಬಿಗಿಯೂ ಹೊಂದಬೇಕು. ಎಂಟು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದು ಸುಮಾರು ಶೇ. 14ರಷ್ಟು ಗಡುಸಾಗುತ್ತದೆ. ಗಡುಸಾದ ಸ್ಪ್ರಿಂಗ್ ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ತಡೆಯುವ ಶಕ್ತಿ ಶಾಕ್ ಅಬ್ಸಾರ್ಬರಿಗೆ ಇರಬೇಕು.

ಎರಡು ಕೊಳವೆಗಳ ಬಗೆಯು ಅಗ್ಗ, ಸವಾರಿಗೆ ಮೃದು. ಒಂದೇ ಕೊಳವೆಯ ಬಗೆಯಲ್ಲಿ ಅನಿಲವು ಹೆಚ್ಚಿನ ಒತ್ತಡದಲ್ಲಿರುತ್ತದೆ. ಶಾಖ ಬೇಗ ಹೊರಹೋಗುವುದರಿಂದ ಒರಟು ಬಳಕೆಯಲ್ಲಿಯೂ ಹಿಡಿತ ಕುಂದುವುದು ಕಡಿಮೆ. ಆದರೆ ಆ ಒತ್ತಡವು ವಾಹನವನ್ನು ಕೊಂಚ ಮೇಲೆತ್ತುತ್ತದೆ. 14 ಮಿಲಿಮೀಟರ್ ದಪ್ಪದ ಕಡ್ಡಿಗೆ 20 ಬಾರ್ ಒತ್ತಡವಿದ್ದರೆ ಎತ್ತುವ ಬಲ ಸುಮಾರು 31 ಕಿಲೋಗ್ರಾಂ ಭಾರಕ್ಕೆ ಸಮ.

ಇಲ್ಲಿನವರು ಗಮನಿಸಬೇಕಾದುದು

ಭಾರತದಲ್ಲಿ ಇಂತಹ ಮಾರ್ಪಾಡಿಗೆ ಮುಂದಾಗುವವರು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಮೊದಲು ಓದಬೇಕು. ನೋಂದಣಿ ಪತ್ರದ ವಿವರಗಳು ಉತ್ಪಾದಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿರ್ಬಂಧಿಸುತ್ತದೆ. 50 ವರ್ಷ ಮೀರಿದ ವಿಂಟೇಜ್ ವಾಹನಗಳಿಗಾಗಿ 2021ರಲ್ಲಿ ಬಂದ ನಿಯಮಗಳೂ ವಾಹನವು ಮೂಲರೂಪದಲ್ಲಿರಬೇಕೆಂದು ಅಪೇಕ್ಷಿಸುತ್ತವೆ.

ಬಿಡಿಭಾಗಗಳನ್ನು ತಯಾರಿಸುವವರಿಗೂ ರಫ್ತು ಮಾಡುವವರಿಗೂ ಇದರಲ್ಲಿ ಪಾಠವಿದೆ. ಸುಂಕದ ವರ್ಗೀಕರಣದಲ್ಲಿ ಶಾಕ್ ಅಬ್ಸಾರ್ಬರ್ 8708.80 ಎಂಬ ಒಂದೇ ಶೀರ್ಷಿಕೆಯಡಿ ಬರಬಹುದು; ಗ್ರಾಹಕನ ವಾಹನದಲ್ಲಿ ಅದು ಒಂದೇ ವಸ್ತುವಲ್ಲ. ಪೆಟ್ಟಿಗೆಯ ಮೇಲೆ ವಾಹನದ ಹೆಸರಿನೊಡನೆ ಮುಚ್ಚಿದ ಉದ್ದ, ತೆರೆದ ಉದ್ದ, ಹಿಡಿಕೆಯ ಬಗೆ ಇವಿಷ್ಟನ್ನು ಮುದ್ರಿಸಿದರೆ ಸರಕು ವಾಪಸಾತಿ ಕಡಿಮೆಯಾಗುತ್ತದೆ. ತಪ್ಪು ಭಾಗದ ವೆಚ್ಚವು ಅದರ ಬೆಲೆಗೆ ನಿಲ್ಲುವುದಿಲ್ಲ. ಸಾಗಣೆ, ಎರಡನೆಯ ಬಾರಿಯ ಕೂಲಿ, ಚಕ್ರಗಳ ಅಲೈನ್‌ಮೆಂಟ್ ಮತ್ತು ಕೈತಪ್ಪಿದ ಗ್ರಾಹಕ, ಇವೆಲ್ಲವೂ ಖರ್ಚಿನ ಬದಿಗೆ ಸೇರುತ್ತವೆ. ಅವುಗಳ ಮುಂದೆ ಅಳತೆಗೆ ತಗಲುವ ಅರ್ಧ ದಿನದ ಕೂಲಿ ಅಲ್ಪವೇ ಸರಿ.