ಗೂಡುಕಟ್ಟಿದ ಹಕ್ಕಿಗಳ ಛಾಯಾಚಿತ್ರಣ: ಸಾರ್ವಜನಿಕರ ತಿಳಿವಳಿಕೆಗಾಗಿ

ಚಿಂಚೋಳಿ ವನ್ಯಜೀವಿಧಾಮದಲ್ಲಿ ಛಾಯಾಚಿತ್ರಣಕ್ಕೆ ಅನುಮತಿ ಕೋರುವವರು ಹಾಗೂ ಕಲಬುರಗಿ ನಗರ, ಕಮಲಾಪುರ ತಾಲ್ಲೂಕುಗಳ ಕೆರೆ, ಹೊಲ, ಕುರುಚಲು ಪ್ರದೇಶಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುವವರು ಈ ಕೆಳಕಂಡ ಮಾಹಿತಿಯನ್ನು ಗಮನಿಸುವುದು.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 2(16)ರ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದು ಸಹ ಬೇಟೆಯೇ ಆಗಿರುತ್ತದೆ. ಅನುಸೂಚಿ 1ರಲ್ಲಿರುವ ನವಿಲಿನಂತಹ ಹಕ್ಕಿಗಳ ವಿಷಯದಲ್ಲಿ ಈ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಕಾರಾವಾಸ ಮತ್ತು ಕನಿಷ್ಠ ರೂ. 25,000 ದಂಡವಿದೆ.

ವನ್ಯಜೀವಿಧಾಮದೊಳಗೆ ಛಾಯಾಚಿತ್ರಣಕ್ಕೆ ಪ್ರಕರಣ 28ರಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಅನುಮತಿಪತ್ರವು ಚಿತ್ರ ತೆಗೆಯಲು ಮಾತ್ರ. ಗೂಡಿಗೆ ತೊಂದರೆ ಕೊಡಲು ಅಲ್ಲ. ಸ್ವಂತ ಹೊಲದಲ್ಲಿ ಚಿತ್ರ ತೆಗೆಯಲು ಈ ಅನುಮತಿ ಬೇಕಿಲ್ಲ. ಆದರೆ ಗೂಡಿನ ರಕ್ಷಣೆಯ ನಿಯಮ ಅಲ್ಲಿಯೂ ಅನ್ವಯಿಸುತ್ತದೆ.

ಹಾನಿ ಹೇಗೆ?

ಕೆಂಪು ಟಿಟ್ಟಿಭವು ಬೇಸಿಗೆಯಲ್ಲಿ ಬಯಲು ನೆಲದ ಮೇಲೆಯೇ ಸಾಮಾನ್ಯವಾಗಿ 4 ಮೊಟ್ಟೆಗಳನ್ನಿಡುತ್ತದೆ. ಈ ಭಾಗದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಹಕ್ಕಿಯು ಮೊಟ್ಟೆಗಳ ಮೇಲೆ ಕೂರುವುದು ನೆರಳು ನೀಡಲು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುವುದೂ ಉಂಟು. ಕ್ಯಾಮೆರಾ ಹಿಡಿದವರು ಹತ್ತಿರ ನಿಂತಷ್ಟು ಹೊತ್ತು ಹಕ್ಕಿ ಗೂಡಿಗೆ ಮರಳುವುದಿಲ್ಲ. ಬಿಸಿಲಿಗೆ ಮೊಟ್ಟೆಯೊಳಗಿನ ಮರಿ ಸಾಯಬಹುದು. ಚಿತ್ರ ಸ್ಪಷ್ಟವಾಗಲೆಂದು ರೆಂಬೆ ಸರಿಸಿದರೆ ಗೂಡು ಕಾಗೆ, ಮುಂಗುಸಿಗಳ ಕಣ್ಣಿಗೆ ಬೀಳುತ್ತದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಜನರ ನಡುವೆಯೇ ಹೆಜ್ಜಾರ್ಲೆಗಳು ಮರಿ ಮಾಡುತ್ತವೆಯಲ್ಲ ಎಂಬ ಪ್ರಶ್ನೆ ಸಹಜ. ಅಲ್ಲಿ ಗೂಡುಗಳು ಎತ್ತರದ ಮರಗಳಲ್ಲಿದ್ದು, ತಲೆಮಾರುಗಳಿಂದ ಗ್ರಾಮಸ್ಥರೇ ಅವುಗಳನ್ನು ಕಾಪಾಡಿದ್ದಾರೆ. ಬಯಲಿನ ಗೂಡಿಗೆ ಅಂತಹ ರಕ್ಷಣೆ ಇರುವುದಿಲ್ಲ.

ಚಿತ್ರ ಹಂಚಿಕೊಳ್ಳುವ ಮುನ್ನ

ಒಬ್ಬರು ಎಚ್ಚರಿಕೆಯಿಂದ ತೆಗೆದ ಚಿತ್ರವೂ ಸ್ಥಳದ ಹೆಸರಿನೊಂದಿಗೆ ಪ್ರಕಟವಾದರೆ ಮರುದಿನ ಹತ್ತು ಜನರನ್ನು ಅದೇ ಗೂಡಿನತ್ತ ಕರೆತರಬಹುದು. ಮೊಬೈಲ್ ಚಿತ್ರಗಳಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶಗಳು ತಾವಾಗಿಯೇ ದಾಖಲಾಗುವುದುಂಟು. ಆದುದರಿಂದ ಸಾರ್ವಜನಿಕರು ಈ ಕೆಳಗಿನಂತೆ ನಡೆದುಕೊಳ್ಳುವುದು ಸೂಕ್ತ:

1. ಗೂಡು, ಮೊಟ್ಟೆ, ಮರಿಗಳ ಚಿತ್ರಕ್ಕಾಗಿ ಹುಡುಕಿಕೊಂಡು ಹೋಗದಿರುವುದು.
2. ಹಕ್ಕಿಯು ಕೂಗುತ್ತಾ ತಲೆಯ ಮೇಲೆ ಸುತ್ತಿದರೆ ಗೂಡು ಸಮೀಪವಿದೆ ಎಂದು ತಿಳಿದು, ನೆಲ ನೋಡಿಕೊಂಡು ಬಂದ ದಾರಿಯಲ್ಲೇ ಹಿಂತಿರುಗುವುದು.
3. ಧ್ವನಿಮುದ್ರಿತ ಕೂಗು, ಫ್ಲ್ಯಾಶ್, ಡ್ರೋನ್ ಬಳಸದಿರುವುದು.
4. ಆಕಸ್ಮಿಕವಾಗಿ ದೊರೆತ ಗೂಡಿನ ಚಿತ್ರವನ್ನು, ಮರಿಗಳು ಹಾರಿಹೋದ ನಂತರವೂ, ಸ್ಥಳದ ವಿವರದೊಂದಿಗೆ ಪ್ರಕಟಿಸದಿರುವುದು. ಅನೇಕ ಹಕ್ಕಿಗಳು ಮರುವರ್ಷ ಅದೇ ಪ್ರದೇಶಕ್ಕೆ ಬರುತ್ತವೆ.

ಗೂಡುಗಳಿಗೆ ತೊಂದರೆಯಾಗುತ್ತಿರುವುದು ಕಂಡುಬಂದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಲು ಕೋರಲಾಗಿದೆ.