ಎರವಲು ತಂದ ಊರುಗೋಲು

ಚಪ್ಪಲಿಯನ್ನು ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡದೆ ಹಣ ಕೊಡುವುದುಂಟೇ? ಆದರೆ ಮನೆಯ ಹಿರಿಯರಿಗಾಗಿ ಊರುಗೋಲನ್ನೋ ಶ್ರವಣಯಂತ್ರವನ್ನೋ ತರುವಾಗ ಈ ಜಾಣತನ ನಮಗೆ ಮರೆತುಹೋಗುತ್ತದೆ. ಮಗನು ಪ್ರೀತಿಯಿಂದ ತಂದ ಕೋಲು ತಂದೆಯ ಕೈಗೆ ಒಗ್ಗುವುದಿಲ್ಲ. ಬೆಲೆಬಾಳುವ ಯಂತ್ರ ಕಿವಿಯಲ್ಲಿ ಗದ್ದಲವೆಬ್ಬಿಸುತ್ತದೆ. ಕೆಲವೇ ದಿನಗಳಲ್ಲಿ ಎರಡೂ ಅಟ್ಟ ಸೇರುತ್ತವೆ. ಹೋದದ್ದು ಹಣವೊಂದೇ ಅಲ್ಲ. "ಇವೆಲ್ಲ ನನಗೆ ಆಗಿಬರುವುದಿಲ್ಲ" ಎಂಬ ನಿರಾಶೆ ಹಿರಿಯರ ಮನಸ್ಸಿನಲ್ಲಿ ಬೇರೂರುತ್ತದೆ. ದೊಡ್ಡ ನಷ್ಟ ಅದೇ.

ಅಮೆರಿಕದಲ್ಲಿ ಈ ತೊಡಕಿಗೆ ಸರಳವಾದ ಪರಿಹಾರವೊಂದನ್ನು ಕಂಡುಕೊಂಡಿದ್ದಾರೆ: ಪುಸ್ತಕಭಂಡಾರದಿಂದ ಪುಸ್ತಕ ತರುವಂತೆ ಸಾಧನವನ್ನು ಎರವಲು ತಂದು ಬಳಸಿ ನೋಡುವುದು. ಅಂಗವಿಕಲರಿಗೆ ನೆರವಾಗುವ ಸಾಧನಗಳ ವಿಷಯದಲ್ಲಿ ಅಲ್ಲಿ 1988ರಲ್ಲಿ ಒಂದು ಕಾಯಿದೆ ಬಂದಿತು; 1998ರಲ್ಲಿ ಮತ್ತೊಂದು. ಸಾಧನವನ್ನು ತೋರಿಸಿ ವಿವರಿಸುವುದು, ಕೆಲಕಾಲ ಎರವಲು ಕೊಡುವುದು, ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಒದಗಿಸುವುದು, ಕೊಳ್ಳಲು ಹಣದ ಅನುಕೂಲ ಕಲ್ಪಿಸುವುದು—ಈ ನಾಲ್ಕಕ್ಕೂ 2004ರ ತಿದ್ದುಪಡಿ ಒತ್ತುಕೊಟ್ಟಿತು. 50 ಸಂಸ್ಥಾನಗಳಲ್ಲಿಯೂ ಇಂಥ ಕಾರ್ಯಕ್ರಮವಿದೆ. ಅಕ್ಷರವನ್ನು ಹಿಗ್ಗಿಸಿ ತೋರಿಸುವ ಪರದೆ, ದನಿಯನ್ನು ಏರಿಸುವ ದೂರವಾಣಿ, ಕಣ್ಣಿನ ಚಲನೆಯಿಂದಲೇ ನಡೆಯುವ ಗಣಕಯಂತ್ರ ಮೊದಲಾದವುಗಳನ್ನು ಹೀಗೆ ಪರೀಕ್ಷಿಸಬಹುದು. ತಮ್ಮ ಸಾಧನ ದುರಸ್ತಿಗೆ ಹೋದಾಗಲೂ ಎರವಲು ಪಡೆಯಲು ಅವಕಾಶವುಂಟು.

ಮನೆಗೇ ತಂದು ನೋಡಬೇಕೇಕೆ? ಅಂಗಡಿಯ ನೆಲ ಸಮತಟ್ಟಾಗಿರುತ್ತದೆ. ಮನೆಯಲ್ಲಾದರೋ ಹೊಸ್ತಿಲಿದೆ, ಬಚ್ಚಲಿನ ಕಿರಿದಾದ ಬಾಗಿಲಿದೆ, ಒದ್ದೆ ನೆಲವಿದೆ. ಗಾಲಿಕುರ್ಚಿಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಶ್ರವಣಯಂತ್ರಕ್ಕೆ ಒಂದು ದಿನದ ಪರೀಕ್ಷೆ ಸಾಲದು. ಬಹುಕಾಲ ಸದ್ದು ಕೇಳದ ಮಿದುಳು ಬೇಕಾದ ಮಾತನ್ನೂ ಬೇಡದ ಗದ್ದಲವನ್ನೂ ಬೇರ್ಪಡಿಸಲು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ.

ಊರುಗೋಲಿನ ಅಳತೆಯನ್ನು ಯಾರು ಬೇಕಾದರೂ ನೋಡಬಹುದು. ಹಿರಿಯರು ನಿತ್ಯದ ಪಾದರಕ್ಷೆ ಮೆಟ್ಟಿ, ನೆಟ್ಟಗೆ ನಿಂತು, ತೋಳನ್ನು ಇಳಿಬಿಡಲಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿರಬೇಕು. ಹಿಡಿದಾಗ ಮೊಣಕೈ ತುಸುವೇ ಬಾಗಬೇಕು. ಎಡಗಾಲು ಸೋತಿದ್ದರೆ ಕೋಲು ಬಲಗೈಯಲ್ಲಿರಲಿ. ತುದಿಯ ರಬ್ಬರು ಸವೆದೊಡನೆ ಬದಲಾಯಿಸಬೇಕು.

ನೆರೆಮನೆಯಲ್ಲಿ ಕಾಲು ಮುರಿದು ವಾಸಿಯಾದವರ ನಡಿಗೆಯ ಆಸರೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ, ಕೇಳಿ ತರಲು ಸಂಕೋಚವೇಕೆ? ಹಿಡಿ, ತಿರುಪು, ರಬ್ಬರು ಗಟ್ಟಿಯಾಗಿವೆಯೇ ಎಂದು ನೋಡಿಕೊಂಡರಾಯಿತು. ಒಗ್ಗದಿದ್ದರೆ ಹಿಂದಿರುಗಿಸುವುದು ಸೋಲಲ್ಲ, ಬೇಕಾದುದೇನೆಂದು ಅರಿತಂತಾಯಿತು. ಆದರೆ ಒಗ್ಗಿತೋ ಇಲ್ಲವೋ ಎಂಬ ತೀರ್ಮಾನ ಮಗನದೂ ಅಲ್ಲ, ಸೊಸೆಯದೂ ಅಲ್ಲ. ಅದನ್ನು ಹಿಡಿದು ನಡೆಯುವವರದು.