ಪ್ರೇಮಕಥೆಗೆ ಫೆಬ್ರುವರಿ 14 ಅನಿವಾರ್ಯವೇ?

ಪ್ರೇಮಕಥೆ ಬರೆಯುವವರಿಗೆ ಫೆಬ್ರುವರಿ 14 ಸವೆದ ಹಾದಿ. ಗುಲಾಬಿ ಕಂಡೊಡನೆ ಓದುಗ ಅಂತ್ಯವನ್ನು ಊಹಿಸಿಬಿಡುತ್ತಾನೆ. 1993ರ ಹಾಲಿವುಡ್ ಚಿತ್ರ ‘ಗ್ರೌಂಡ್‌ಹಾಗ್ ಡೇ’ಗೆ ಚಿತ್ರಕಥೆ ಬರೆದ ಡ್ಯಾನಿ ರೂಬಿನ್ ಹಾಗೂ ಹೆರಾಲ್ಡ್ ರಾಮಿಸ್ ಆರಿಸಿಕೊಂಡದ್ದು ಫೆಬ್ರುವರಿ 2ನ್ನು. ಅಂದು ಅಮೆರಿಕದ ಪಂಕ್ಸಟಾನಿ ಪಟ್ಟಣದಲ್ಲಿ ಗ್ರೌಂಡ್‌ಹಾಗ್ ಎಂಬ ಬಿಲವಾಸಿ ಪ್ರಾಣಿ ತನ್ನ ನೆರಳನ್ನು ಕಂಡರೆ ಚಳಿಗಾಲ ಇನ್ನೂ ಆರು ವಾರ ಉಳಿಯುತ್ತದೆಂಬ ನಂಬಿಕೆಯಿದೆ.

ಪ್ರಣಯಕ್ಕೂ ಈ ಪ್ರಾಣಿಗೂ ಏನು ನಂಟು? ಆಚರಣೆಯನ್ನು ಕಿತ್ತುಹಾಕಿದರೂ ಕಥೆ ನಿಲ್ಲುವುದಾದರೆ ಹಬ್ಬ ಬರಿಯ ತೋರಣವಷ್ಟೆ. ಇಲ್ಲಿ ಹಾಗಿಲ್ಲ. ಮುಗಿಯದ ಚಳಿಗಾಲದಂತೆ ಅದೇ ದಿನ ನಾಯಕನಿಗೆ ಮತ್ತೆ ಮತ್ತೆ ಎದುರಾಗುತ್ತದೆ. ಕಪಟದಿಂದ ನಾಯಕಿಯನ್ನು ಒಲಿಸಿಕೊಳ್ಳಹೊರಟ ಸಂಜೆಗಳೆಲ್ಲ ಕಪಾಳಮೋಕ್ಷದಲ್ಲಿ ಕೊನೆಗಾಣುತ್ತವೆ. ಅವನ ಸ್ವಭಾವವೇ ಮಾಗಿದ ಮೇಲಷ್ಟೇ ಫೆಬ್ರುವರಿ 3ರ ಬೆಳಗಾಗುತ್ತದೆ.